ಮಡಿಕೇರಿ ಒಳಗೋ, ಹೊರಗಿನ ಲೇಔಟೋ?

"ಇರೋ ಮನೆ ಸಾಲ್ತಿಲ್ಲ. ಊರೊಳಗೇ ಹಳೇ ಮನೆ ತಗೊಳ್ಳೋದಾ, ಹೊರಗೆ ಹೊಸ ಲೇಔಟಿಗೆ ಹೋಗೋದಾ?" ನಾವು ಮಡಿಕೇರಿಯಲ್ಲಿ ಮನೆ ಬದಲಾಯಿಸಿದ ಮೇಲೆ ಸಿಕ್ಕವರೆಲ್ಲ ಕೇಳುವುದು ಇದನ್ನೇ. ನನ್ನ ಉತ್ತರ, ಊರೊಳಗಿನ ಹಳೇ ಮನೆ. ಒಂದು ಕೋಣೆ ಕಮ್ಮಿಯಾದರೂ ಸರಿ.

ನಾವೂ ಮೊದಲು ನೋಡಿದ್ದು ಹೊರಗೇ. ಅಪ್ಪ ಅಮ್ಮ ಜೊತೆಗೆ ಬಂದ ಮೇಲೆ ಎರಡು ಕೋಣೆ ಎಲ್ಲಿ ಸಾಲುತ್ತದೆ? ಊರೊಳಗೆ ಮೂರು ಕೋಣೆಗೆ ಕೇಳುವ ದುಡ್ಡಿಗೆ ಅಲ್ಲಿ ನಾಲ್ಕು ಕೋಣೆ, ಕಾರಿಗೆ ಜಾಗ, ಮುಂದೆ ಅಂಗಳ. ಮಾರ್ಚಲ್ಲಿ ಹೋದಾಗ ಸುತ್ತ ಕಾಫಿ ಹೂವಿನ ಪರಿಮಳ ಬೇರೆ. ಮುಂಗಡ ಕೊಡುವುದೊಂದೇ ಬಾಕಿ. ಅಮ್ಮ ಮಾತ್ರ, "ಕಕ್ಕಡದ ಮಳೇಲಿ ಒಂದ್ಸಲ ನೋಡ್ಕೊಂಡು ಬಾ" ಅಂದರು.

ಜುಲೈ ಕೊನೆಗೆ, ಕಕ್ಕಡ ತಿಂಗಳ ಜೋರು ಮಳೆಯಲ್ಲೇ ಹೋದೆವು. ಮನೆಯ ಹಿಂದೆ ಗುಡ್ಡ ಕಡಿದು ಬಿಟ್ಟಿದ್ದ ಬರೆ, ಅಂದರೆ ನೆಟ್ಟಗೆ ನಿಂತ ಮಣ್ಣಿನ ದಂಡೆ, ಎರಡಾಳು ಎತ್ತರ. ಅದಕ್ಕೊಂದು ತಡೆಗೋಡೆ. ನೀರು ಇಳಿಯಲಿ ಅಂತ ಗೋಡೆಯಲ್ಲಿ ಇಟ್ಟಿದ್ದ ಪೈಪುಗಳು ಅಂಥ ಮಳೆಯಲ್ಲೂ ಒಣಗಿದ್ದವು, ಆದರೆ ಗೋಡೆಯ ಬುಡದಿಂದ ಕೆಂಪು ನೀರು ಜಿನುಗುತ್ತಿತ್ತು. ತಿಳಿ ನೀರಾದರೆ ಅಷ್ಟು ಭಯವಿಲ್ಲ. ಕೆಂಪಾಗಿದ್ದರೆ ಒಳಗಿನ ಮಣ್ಣೂ ಜೊತೆಗೆ ಬರುತ್ತಿದೆ ಅಂತ ಅರ್ಥ. ಅಲ್ಲಿಂದಲೇ ವಾಪಸ್ ಬಂದೆವು.

2018ರ ಆಗಸ್ಟ್‌ನಲ್ಲಿ ಕೊಡಗಿನ ಭೂಕುಸಿತ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಕ್ಕಂದೂರು, ಜೋಡುಪಾಲದ ಗುಡ್ಡಗಳು ಹೇಗೆ ಇಳಿದವು ನೆನಪಿದೆ ಅಲ್ವಾ? ಬುಡ ಕಡಿದರೆ ಮೇಲಿನ ಮಣ್ಣಿಗೆ ಆಸರೆ ಇರುವುದಿಲ್ಲ, ನೀರು ಕುಡಿದು ಭಾರವಾದಾಗ ಜಾರುತ್ತದೆ. ಹಾಗಂತ ಊರೊಳಗಿನದೆಲ್ಲ ಭದ್ರ ಅಂತಲ್ಲ, ಆ ವರ್ಷ ಇಂದಿರಾನಗರ, ಚಾಮುಂಡೇಶ್ವರಿ ನಗರದಲ್ಲೂ ಮನೆಗಳು ಹೋದವು. ಆದರೆ ಹಳೇ ಬೀದಿಯ ಮನೆ ಎಷ್ಟೋ ಮಳೆಗಾಲ ಕಂಡಿರುತ್ತದೆ, ಎಲ್ಲಿ ಬಿರುಕು ಬಿಟ್ಟಿತ್ತು, ನೀರು ಯಾವ ಕಡೆಯಿಂದ ಬಂತು ಅಂತ ಪಕ್ಕದ ಮನೆಯವರೇ ಹೇಳುತ್ತಾರೆ. ನಿನ್ನೆ ಮೊನ್ನೆ ಜೆಸಿಬಿ ಓಡಾಡಿದ ಜಾಗದಲ್ಲಿ ಯಾರನ್ನು ಕೇಳುತ್ತೀರಿ?

ಗುಡ್ಡದ ಸಹವಾಸವೇ ಬೇಡ ಅಂತ ಕುಶಾಲನಗರ ನೋಡುವವರೂ ಇದ್ದಾರೆ. ಸಮತಟ್ಟು ಜಾಗ, ನಿಜ. ಆದರೆ 2018, 2019 ಎರಡೂ ವರ್ಷ ಕಾವೇರಿ ಬದಿಯ ಬಡಾವಣೆಗಳಿಗೆ ನೀರು ನುಗ್ಗಿತ್ತು. ಭೂ ಪರಿವರ್ತನೆಯ ಕಾಗದ ಸರಿ ಇದ್ದರೆ ಸಾಲದು, ಅದಕ್ಕೂ ಮೊದಲು ಅದು ಗದ್ದೆಯಾಗಿತ್ತಾ ಕೇಳಿ. ಗದ್ದೆ ಅಂದರೆ ನೀರು ನಿಲ್ಲುವ ಜಾಗವೇ.

ಕೊನೆಗೆ ನಾವು ತಗೊಂಡಿದ್ದು ಮಹದೇವಪೇಟೆ ಕಡೆ ಮೂರು ಕೋಣೆಯ ಹಂಚಿನ ಮನೆ. ಹಂಚಿನ ಕೆಳಗಿನ ಮರದ ಪಕಾಸಿ ಬದಲಾಯಿಸಿ ವೈರಿಂಗ್ ಹೊಸದಾಗಿ ಎಳೆಸುವಷ್ಟರಲ್ಲಿ ಅಂದುಕೊಂಡಿದ್ದಕ್ಕಿಂತ ಜಾಸ್ತಿ ಖರ್ಚಾಯಿತು. ನೀವು ಇದನ್ನೆಲ್ಲ ಲೆಕ್ಕ ಹಾಕಿಯೇ ರೇಟ್ ಮಾತಾಡಿ. ಕಾರು ಈಗಲೂ ಬೀದಿ ತುದಿಯಲ್ಲೇ ನಿಲ್ಲುತ್ತದೆ. ಆದರೆ ಅಮ್ಮ ಶುಕ್ರವಾರದ ಸಂತೆಗೆ ಯಾರನ್ನೂ ಕಾಯದೆ ನಡ್ಕೊಂಡು ಹೋಗುತ್ತಾರೆ. ರಾತ್ರಿ ಮಳೆ ಜೋರಾದರೆ ನಾನು ಟಾರ್ಚ್ ಹಿಡಿದು ಮನೆ ಹಿಂದೆ ಹೋಗಿ ನೋಡಬೇಕಾಗಿಲ್ಲ.