ಬನ್ಸ್ ಇದ್ದರೆ ಗೋಳಿಬಜೆ ಇಲ್ಲ: ಷರತ್ತಿನ ಒಗಟು ಬಿಡಿಸುವ ಕ್ರಮ

ಅಮೆರಿಕಕ್ಕೆ ಲಾ ಓದಲು ಹೊರಟ ಮಂಗಳೂರು, ಉಡುಪಿ ಕಡೆಯ ಮಕ್ಕಳು ಎಲ್‌ಸ್ಯಾಟ್‌ನ (ಇಲ್ಲಿನ ಲಾ ಕಾಲೇಜುಗಳ ಪ್ರವೇಶ ಪರೀಕ್ಷೆ) ಹಳೆಯ ಪುಸ್ತಕಗಳಿಗೆ ದುಡ್ಡು ಸುರಿಯುವುದು ಬೇಡ. 35 ನಿಮಿಷದಲ್ಲಿ ನಾಲ್ಕು ಒಗಟು ಬಿಡಿಸಬೇಕಿದ್ದ ಲಾಜಿಕ್ ಗೇಮ್ಸ್ ಭಾಗ 2024ರ ಆಗಸ್ಟ್‌ನಿಂದ ಆ ಪರೀಕ್ಷೆಯಲ್ಲಿಲ್ಲ. ಅದರ ಜಾಗದಲ್ಲಿ ಇನ್ನೊಂದು ಲಾಜಿಕಲ್ ರೀಸನಿಂಗ್ ಭಾಗ ಬಂದಿದೆ. (ಊರಿನ ಎಸ್‌ಡಿಎಂ ಇಲ್ಲವೇ ವೈಕುಂಠ ಬಾಳಿಗಾ ಲಾ ಕಾಲೇಜಿನಲ್ಲಿ ಎಲ್‌ಎಲ್‌ಬಿ ಮುಗಿಸಿ ಎಲ್‌ಎಲ್‌ಎಂಗೆ ಬರುವವರಿಗೆ ಸಾಮಾನ್ಯವಾಗಿ ಎಲ್‌ಸ್ಯಾಟೇ ಬೇಕಿಲ್ಲ, ಅದು ಇಲ್ಲಿನ ಮೊದಲ ಲಾ ಪದವಿಯಾದ ಜೆಡಿ ಸೇರುವವರಿಗೆ.) ಒಗಟು ಹೋದರೂ 'ಇದಿದ್ದರೆ ಅದು' ಎಂಬ ಷರತ್ತಿನ ತರ್ಕ ಲಾಜಿಕಲ್ ರೀಸನಿಂಗ್‌ನಲ್ಲಿ ಹಾಗೇ ಉಳಿದಿದೆ. ಊರಲ್ಲೇ ಎಂಬಿಎ ಪ್ರವೇಶಕ್ಕೆ ಕ್ಯಾಟ್ ಬರೆಯುವವರಿಗೆ ಅದರ ಡಿಐಎಲ್‌ಆರ್ (ಅಂಕಿಅಂಶ ಮತ್ತು ತರ್ಕ) ಭಾಗದಲ್ಲಿ ಇಂಥ ಆಯ್ಕೆಯ ಒಗಟೇ ಎದುರಾಗಬಹುದು.

ಒಂದನ್ನು ಬಿಡಿಸಿ ನೋಡೋಣ. ಇಲ್ಲಿ ಅಮೆರಿಕದ ಕನ್ನಡ ಕೂಟವೊಂದರ ಬೆಳಗಿನ ತಿಂಡಿಗೆ ನೀರ್‌ದೋಸೆ, ಮೂಡೆ, ಬನ್ಸ್, ಗೋಳಿಬಜೆ, ಪತ್ರೊಡೆ, ಶ್ಯಾವಿಗೆ, ಅವಲಕ್ಕಿ, ಈ ಏಳರಲ್ಲಿ ಸರಿಯಾಗಿ ನಾಲ್ಕನ್ನು ಆರಿಸಬೇಕು. ಬನ್ಸ್ ಇದ್ದರೆ ಗೋಳಿಬಜೆ ಇಲ್ಲ. ಮೂಡೆ ಇಲ್ಲದಿದ್ದರೆ ಪತ್ರೊಡೆ ಬೇಕೇ ಬೇಕು. ನೀರ್‌ದೋಸೆ ಇದ್ದರೆ ಬನ್ಸ್ ಇರಬೇಕು. ಪತ್ರೊಡೆ ಇದ್ದರೆ ಅವಲಕ್ಕಿ ಇಲ್ಲ.

ಪ್ರತಿ ಷರತ್ತಿಗೂ ಎರಡು ಸಾಲು ಬರೆಯಿರಿ. 'ನೀರ್‌ದೋಸೆ → ಬನ್ಸ್' ಒಂದು. ಬದಿ ಅದಲುಬದಲು ಮಾಡಿ, ಎರಡಕ್ಕೂ 'ಇಲ್ಲ' ಸೇರಿಸಿದರೆ 'ಬನ್ಸ್ ಇಲ್ಲ → ನೀರ್‌ದೋಸೆ ಇಲ್ಲ' ಇನ್ನೊಂದು. ಬದಿ ಮಾತ್ರ ಬದಲಿಸಿ 'ಬನ್ಸ್ → ನೀರ್‌ದೋಸೆ' ಎಂದು ಬರೆದರೆ ಕೆಟ್ಟಿತು. ಬನ್ಸ್ ಒಂದೇ ಬರುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ಎರಡನೇ ಷರತ್ತು ಇನ್ನೂ ನಾಜೂಕು: ಮೂಡೆ, ಪತ್ರೊಡೆ ಎರಡೂ ಒಟ್ಟಿಗೆ ಹೊರಗಿರುವಂತಿಲ್ಲ, ಅಷ್ಟೆ. ಎರಡೂ ಒಟ್ಟಿಗೆ ಒಳಗಿರಬಹುದು.

ಈಗ ಬಾಣಗಳನ್ನು ಒಂದಕ್ಕೊಂದು ಜೋಡಿಸಿ. ಅವಲಕ್ಕಿ ಬಂದರೆ ಪತ್ರೊಡೆ ಇಲ್ಲ, ಪತ್ರೊಡೆ ಇಲ್ಲದಿದ್ದರೆ ಮೂಡೆ ಬೇಕು. ಅಂದರೆ ಅವಲಕ್ಕಿ ಇದ್ದಲ್ಲಿ ಮೂಡೆ ಇರಲೇಬೇಕು. ಅತ್ತ ಗೋಳಿಬಜೆ ಬಂದರೆ ಬನ್ಸ್ ಹೋಯಿತು, ಅದರ ಹಿಂದೆಯೇ ನೀರ್‌ದೋಸೆಯೂ ಹೋಯಿತು.

ಬಾಣ ಬರೆದು ಅಲ್ಲಿಗೇ ನಿಲ್ಲಿಸುವವರು ಬಹಳ. ಹೊರಗಿನ ಜಾಗ ಎಣಿಸಿ, ಒಗಟು ಬಿಚ್ಚಿಕೊಳ್ಳುವುದು ಅಲ್ಲಿ. ಏಳರಲ್ಲಿ ನಾಲ್ಕು ಒಳಗೆ ಬಂದರೆ ಹೊರಗೆ ಇರುವುದು ಮೂರೇ ಜಾಗ. ಬನ್ಸ್-ಗೋಳಿಬಜೆ ಜೋಡಿಯಲ್ಲಿ ಒಂದಾದರೂ, ಪತ್ರೊಡೆ-ಅವಲಕ್ಕಿ ಜೋಡಿಯಲ್ಲಿ ಒಂದಾದರೂ ಹೊರಗೆ. ಉಳಿಯುವುದು ಒಂದೇ ಜಾಗ. ಗೋಳಿಬಜೆ ಆರಿಸಿದಿರೋ, ಆ ಒಂದು ಜಾಗವೂ ನೀರ್‌ದೋಸೆಗೆ ಹೋಗುತ್ತದೆ. ಮೂಡೆ, ಶ್ಯಾವಿಗೆ ಒಳಗೆ ಬರಲೇಬೇಕು, ನಾಲ್ಕನೆಯದು ಪತ್ರೊಡೆ ಇಲ್ಲವೇ ಅವಲಕ್ಕಿ. ಬನ್ಸ್, ಗೋಳಿಬಜೆ ಎರಡನ್ನೂ ಬಿಡಬಹುದೇ? ಮೊದಲ ಷರತ್ತು ಬೇಡವೆನ್ನುವುದಿಲ್ಲ. ಆದರೆ ಬನ್ಸ್ ಇಲ್ಲದೆ ನೀರ್‌ದೋಸೆಯೂ ಇಲ್ಲ, ಪತ್ರೊಡೆ-ಅವಲಕ್ಕಿಯಲ್ಲೂ ಒಂದು ಹೊರಗೆ: ಒಟ್ಟು ನಾಲ್ಕಾಯಿತು, ಆಗದು. ಹಾಗಾಗಿ ಎರಡರಲ್ಲಿ ಒಂದು ಇದ್ದೇ ಇರುತ್ತದೆ.

'ಯಾವ ಪಟ್ಟಿ ಸರಿ' ಎಂದು ಕೇಳಿದರೆ ಇಷ್ಟೆಲ್ಲ ಬೇಡ. ಒಂದು ಷರತ್ತು ಹಿಡಿದು ಕೊಟ್ಟ ಉತ್ತರಗಳನ್ನೆಲ್ಲ ನೋಡಿ, ತಪ್ಪಿದ್ದನ್ನು ಹೊಡೆದುಹಾಕಿ, ಮುಂದಿನ ಷರತ್ತಿಗೆ ಹೋಗಿ. ಹೀಗೆ ಸಿಕ್ಕ ಸರಿ ಪಟ್ಟಿಯನ್ನು ಅಳಿಸಬೇಡಿ. 'ಇದು ಸಾಧ್ಯವೇ' ಎಂಬ ಮುಂದಿನ ಪ್ರಶ್ನೆಗೆ ಅದೇ ಉತ್ತರವಾದೀತು.