ಕೈ ಹಿಡಿದುಕೊಂಡು ಬಾ ಎನ್ನುವ ಮುನ್ನ

ಮೈಸೂರು, ಜೂನ್ 19, 2025, ಗುರುವಾರ

ಜುಲೈ ಒಂದರಿಂದ ಆಟೋ ಇಲ್ಲ. ಬೆಳಿಗ್ಗೆ ಮಕ್ಕಳ ಚೀಲಗಳನ್ನು ಹಿಂದಿನ ಕೊಕ್ಕೆಗೆ ಸಿಕ್ಕಿಸುತ್ತ ಆಟೋ ಅಣ್ಣ ನನ್ನ ಮುಖ ನೋಡದೆಯೇ ಹೇಳಿದರು. "ಗಾಡಿ ಕೊಟ್ಟುಬಿಡುತ್ತಿದ್ದೇನೆ ಮೇಡಂ. ಹುಣಸೂರಿನ ಕಡೆ ನಮ್ಮೂರಿಗೇ ಹೋಗಿ ಎರಡು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತೇನೆ. ನೀವು ಬೇರೆ ಯಾರನ್ನಾದರೂ ನೋಡಿಕೊಳ್ಳಿ." ದೊಡ್ಡವಳನ್ನು ಎಲ್‌ಕೆಜಿಯಿಂದ ಕರೆದೊಯ್ದವರು. ಮಳೆ ಬಂದರೆ ಟಾರ್ಪಾಲಿನ ಪರದೆ ಇಳಿಬಿಟ್ಟು, ಮಕ್ಕಳ ಕಾಲು ನೆನೆಯದಂತೆ ಕಟ್ಟಿ ಹೊರಡುತ್ತಿದ್ದವರು. ನಿಂತು ಎರಡು ಮಾತಾಡಲೂ ಆಗಲಿಲ್ಲ, ನನ್ನ ಬಸ್ಸಿನ ಹೊತ್ತಾಗಿತ್ತು.

ಬೆಳಗಿನದು ಚಿಂತೆಯಿಲ್ಲ, ಇವರು ಹೆಬ್ಬಾಳದ ಕಾರ್ಖಾನೆಗೆ ಹೋಗುವಾಗ ಇಬ್ಬರನ್ನೂ ಬಿಟ್ಟು ಹೋಗಬಹುದು. ಕಷ್ಟವಿರುವುದು ಮಧ್ಯಾಹ್ನ ಮೂರೂವರೆಗೆ. ಆ ಹೊತ್ತಿಗೆ ನಾನಿನ್ನೂ ಜಯಪುರ ಹೋಬಳಿಯಲ್ಲಿ, ನಾನು ಪಾಠ ಮಾಡುವ ಶಾಲೆಯಲ್ಲಿ, ನಲಿ-ಕಲಿ ತರಗತಿಯ ಮಕ್ಕಳ ಗುಂಪುಗಳ ಮಧ್ಯೆ ಇರುತ್ತೇನೆ. ಇವರು ಆರಕ್ಕೆ ಮೊದಲು ಹೊರಡುವಂತಿಲ್ಲ. ಅತ್ತೆಗೆ ಮಂಡಿ, ಮೆಟ್ಟಿಲಿಳಿಯುವುದೇ ಕಷ್ಟ. ಶಾಲೆಯಿಂದ ಮನೆಗೆ ಹೆಚ್ಚೆಂದರೆ ಮುಕ್ಕಾಲು ಕಿಲೋಮೀಟರು. ಆದರೆ ನಡುವೆ ಕಾಂತರಾಜ ಅರಸು ರಸ್ತೆ ದಾಟಬೇಕು.

ಪರಿಹಾರ ಮಾತ್ರ ಎಲ್ಲರ ಬಾಯಲ್ಲೂ ಸಿದ್ಧವಾಗಿತ್ತು, ಎಲ್ಲರದೂ ಒಂದೇ. ಇವರು ಫೋನಿನಲ್ಲಿ ಹೇಳಿದರು, ನಮ್ಮ ಶಾಲೆಯ ಹಿರಿಯ ಶಿಕ್ಷಕಿ ಹೇಳಿದರು, ಸಂಜೆ ಗೇಟಿನ ಬಳಿ ಸಿಕ್ಕ ಮೇಲಿನ ಮನೆಯ ಆಂಟಿಯೂ ಹೇಳಿದರು: "ದೊಡ್ಡವಳಿಗೆ ಒಂಬತ್ತು ತುಂಬಿತಲ್ಲ, ತಮ್ಮನ ಕೈ ಹಿಡಿದುಕೊಂಡು ಬರುತ್ತಾಳೆ ಬಿಡಿ."

ನನಗೂ ಬೆಳಿಗ್ಗೆ ಬಸ್ಸಿನಲ್ಲಿ ಮೊದಲು ಹೊಳೆದದ್ದು ಅದೇ.

ನನ್ನ ಶಾಲೆಯ ಮಕ್ಕಳಂತೂ ಎಲ್ಲರೂ ನಡೆದೇ ಬರುವವರು. ಗಂಟೆ ಹೊಡೆದ ಕೂಡಲೇ ದಂಡು ದಂಡಾಗಿ ಹೊರಡುತ್ತಾರೆ. ಕೆರೆಯ ಕಡೆಯವರು ಒಂದು ಗುಂಪು, ತೋಟದ ಮನೆಗಳವರು ಇನ್ನೊಂದು. ಒಂದರಿಂದ ಐದನೇ ತರಗತಿಯವರೆಗೆ ಒಂದು ಕಿಲೋಮೀಟರಿನೊಳಗೆ, ಆರರಿಂದ ಎಂಟಕ್ಕೆ ಮೂರು ಕಿಲೋಮೀಟರಿನೊಳಗೆ ಶಾಲೆ ಇರಬೇಕು ಎನ್ನುತ್ತವೆ ಶಿಕ್ಷಣ ಹಕ್ಕು ಕಾಯ್ದೆಯ ನಿಯಮಗಳು. 2010ರ ಏಪ್ರಿಲ್‌ನಲ್ಲಿ ಆ ಕಾಯ್ದೆ ಜಾರಿಗೆ ಬಂದಾಗಿನಿಂದ ತರಬೇತಿಗಳಲ್ಲಿ ಎಷ್ಟೋ ಸಲ ಕೇಳಿದ ಮಾತು. ಆರು ವರ್ಷದ ಮಗು ಒಂದು ಕಿಲೋಮೀಟರು ನಡೆಯಬಲ್ಲದು ಎಂದು ಕಾನೂನೇ ಲೆಕ್ಕ ಹಾಕಿದೆ. ಕಾಲಿನ ಶಕ್ತಿಯ ಮಟ್ಟಿಗೆ ಅದು ನಿಜವೇ. ಆ ಒಂದು ಕಿಲೋಮೀಟರಿನಲ್ಲಿ ಏನಿದೆ ಎಂಬುದು ನಿಯಮದಲ್ಲಿಲ್ಲ. ನನ್ನ ಶಾಲೆಯ ದಾರಿಯಲ್ಲಿ ಜೋಳದ ಹೊಲ, ಒಂದು ಹಳ್ಳ, ಅಪರೂಪಕ್ಕೊಂದು ಟ್ರ್ಯಾಕ್ಟರ್ ಇವೆ.

ಆರು ಗಂಟೆಗೆ ಇಬ್ಬರನ್ನೂ ಕರೆದುಕೊಂಡು ಶಾಲೆಯವರೆಗೆ ಹೋಗಿ ಅಲ್ಲಿಂದ ವಾಪಸು ನಡೆದೆ. ನಾನು ಹಿಂದೆ ಇರುತ್ತೇನೆ, ನೀವಿಬ್ಬರೇ ಬರುತ್ತಿದ್ದೀರೆಂದು ತಿಳಿದು ನಡೆಯಿರಿ ಎಂದೆ. ದೊಡ್ಡವಳು ಬೆನ್ನು ನೆಟ್ಟಗೆ ಮಾಡಿಕೊಂಡು ತಮ್ಮನ ಮಣಿಕಟ್ಟು ಹಿಡಿದಳು. ಅಂಗೈಯನ್ನಲ್ಲ, ಮಣಿಕಟ್ಟನ್ನು. ಬಿಡಿಸಿಕೊಂಡು ಹೋಗುವವನೆಂದು ಅವಳಿಗೆ ಗೊತ್ತು.

ಚಿಕ್ಕವನಿಗೆ ಅದು ಮೆರವಣಿಗೆ. ಮಧ್ಯಾಹ್ನ ತುಂತುರು ಬಿದ್ದಿತ್ತಾದ್ದರಿಂದ ಪಾರ್ಕಿನ ಗೋಡೆಯ ಬುಡದಲ್ಲಿ ಬಸವನಹುಳುಗಳು ಹೊರಟಿದ್ದವು. ಒಂದರ ಮುಂದೆ ಕುಕ್ಕರಗಾಲಿನಲ್ಲಿ ಕೂತೇಬಿಟ್ಟ. ಅದು ಕೊಂಬು ಚಾಚುವುದು, ಇವನು ಊದುವುದು, ಅದು ಒಳಗೆ ಎಳೆದುಕೊಳ್ಳುವುದು. "ಅಕ್ಕಾ, ಇದಕ್ಕೆ ಮನೆಗೆ ಹೋಗುವ ತಾಪತ್ರಯವೇ ಇಲ್ಲ, ಮನೆಯೊಳಗೇ ಇದೆ" ಎಂದ. ಮೂವರೂ ನಕ್ಕೆವು. ಆ ನಗು ಮುಗಿಯುವ ಮೊದಲೇ ಎದುರುಬದಿಯ ಗಾಡಿಯಲ್ಲಿ ಜೋಳ ಸುಡುವುದನ್ನು ಕಂಡು ಎದ್ದು ಓಡಿದ. ಅದು ಚಿಕ್ಕ ಅಡ್ಡರಸ್ತೆ, ಏನೂ ಬರುತ್ತಿರಲಿಲ್ಲ.

ದೊಡ್ಡ ರಸ್ತೆಯ ಅಂಚಿಗೆ ಬಂದಾಗ ನಾನು ಅವನ ಎತ್ತರಕ್ಕೆ ಕೂತು ನೋಡಿದೆ. ಔಷಧಿ ಅಂಗಡಿಯ ಮುಂದೆ ಸಾಲಾಗಿ ಕಾರುಗಳನ್ನು ನಿಲ್ಲಿಸಿದ್ದರು. ನಿಂತಾಗ ನನಗೆ ಬಲಗಡೆಯಿಂದ ಬರುವ ಬಸ್ಸು, ಅದರ ಪಕ್ಕದಿಂದ ನುಗ್ಗುವ ಸ್ಕೂಟರು ಎಲ್ಲ ಕಾಣುತ್ತಿತ್ತು. ಕೂತಾಗ ಕಂಡದ್ದು ಒಂದು ಬಿಳಿ ಕಾರಿನ ಬಾನೆಟ್ಟು, ಅದರ ಮೇಲೆ ಕೂತ ಮಳೆಹನಿ, ಅಷ್ಟೇ. ರಸ್ತೆಯೇ ಇಲ್ಲ. ಅವನು ರಸ್ತೆ ನೋಡಬೇಕೆಂದರೆ ಆ ಎರಡು ಕಾರುಗಳ ಸಂದಿಯಿಂದ ಮುಂದೆ ಬಂದು ನಿಲ್ಲಬೇಕು. ಮುಂದೆ ಬಂದ ಮೇಲೆ ಅವನು ರಸ್ತೆಯಲ್ಲೇ ಇರುತ್ತಾನೆ. ಎಡಕ್ಕೆ ನೋಡು, ಬಲಕ್ಕೆ ನೋಡು ಎಂದು ನಾನೇ ತರಗತಿಯಲ್ಲಿ ಹಾಡು ಮಾಡಿ ಹೇಳಿಕೊಡುತ್ತೇನೆ.

ನೋಡಿದರೂ ಸಾಲದು. ಲಂಡನ್ ವಿಶ್ವವಿದ್ಯಾಲಯದ ರಾಯಲ್ ಹಾಲೋವೇ ಕಾಲೇಜಿನವರು ಪ್ರಾಥಮಿಕ ಶಾಲೆಯ ಮಕ್ಕಳ ಮೇಲೆ ನಡೆಸಿದ ಅಧ್ಯಯನದ ಬಗ್ಗೆ ಹಿಂದೊಮ್ಮೆ ಓದಿದ್ದೆ. ನೇರವಾಗಿ ನಮ್ಮತ್ತ ಬರುವ ವಾಹನ ಪಕ್ಕಕ್ಕೆ ಸರಿಯುವುದಿಲ್ಲ, ಇದ್ದಲ್ಲೇ ದೊಡ್ಡದಾಗುತ್ತ ಹೋಗುತ್ತದೆ. ಅದು ಎಷ್ಟು ಬೇಗ ದೊಡ್ಡದಾಗುತ್ತಿದೆ ಎಂಬುದರಿಂದಲೇ ನಾವು ವೇಗವನ್ನು ಅಂದಾಜು ಮಾಡುವುದು. ಗಂಟೆಗೆ ಸುಮಾರು 32 ಕಿಲೋಮೀಟರಿಗಿಂತ ಜೋರಾಗಿ ಬಂದರೆ ಆ ವಯಸ್ಸಿನವರ ಕಣ್ಣಿಗೆ ಅದು ಸರಿಯಾಗಿ ಗೊತ್ತಾಗುವುದಿಲ್ಲವಂತೆ. ಜೋರಾಗಿ ಬರುವ ಗಾಡಿಯೇ ನಿಂತಂತೆ ಕಾಣಬಹುದು. ಮಗುವಿನ ಅಜಾಗರೂಕತೆ ಎಂದು ನಾವು ಬೈಯುವುದರಲ್ಲಿ ಎಷ್ಟೋ ಪಾಲು ಇನ್ನೂ ಬಲಿಯದ ಕಣ್ಣಿನದು.

ದೊಡ್ಡವಳು ನನ್ನನ್ನೇ ನೋಡುತ್ತಿದ್ದಳು. ಏನೂ ಹೇಳಲಿಲ್ಲ.

ರಾತ್ರಿ ಚಪಾತಿ ಲಟ್ಟಿಸುತ್ತಿದ್ದಾಗ ಬಂದು ಪಕ್ಕದಲ್ಲಿ ನಿಂತಳು. ಹಿಟ್ಟಿನ ಉಂಡೆಯನ್ನು ಒತ್ತುತ್ತ, ಬಿಡುತ್ತ ಮಾತು ತೆಗೆದಳು.

"ಅಮ್ಮಾ, ನಾನೊಬ್ಬಳೇ ಆದರೆ ನಡೆದುಕೊಂಡು ಬರುತ್ತೇನೆ."

"ತಮ್ಮ?"

"ಅವನನ್ನು ದೊಡ್ಡವರು ಯಾರಾದರೂ ಕರೆದುಕೊಂಡು ಬನ್ನಿ."

"ಯಾಕೆ ಪುಟ್ಟಾ, ಅವನ ಜೊತೆ ಬೇಜಾರಾ?"

"ಬೇಜಾರಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅವನು ಕೈ ಬಿಡಿಸಿಕೊಂಡು ಓಡಿದರೆ ನಾನು ಏನು ಮಾಡಬೇಕು? ಹಿಂದೆ ಓಡಬೇಕೋ, ಅಲ್ಲೇ ನಿಂತು ಕೂಗಬೇಕೋ?"

ಲಟ್ಟಣಿಗೆ ನಿಂತಿತು.

"ನನಗೆ ರಸ್ತೆ ದಾಟುವುದು ಗೊತ್ತಿದೆ ಅಮ್ಮಾ. ಆದರೆ ಅವನನ್ನೂ ನೋಡಿಕೊಂಡು ಗಾಡಿಯನ್ನೂ ನೋಡುವುದಕ್ಕೆ ಆಗುವುದಿಲ್ಲ. ಅವನಿಗೆ ಏನಾದರೂ ಆದರೆ ಎಲ್ಲರೂ ನನ್ನನ್ನೇ ಕೇಳುತ್ತೀರಿ."

ನಿಲ್ಲಬೇಕು ಎಂಬುದೇ ಸರಿಯಾದ ಉತ್ತರ. ಓಡಿದರೆ ಇಬ್ಬರೂ ರಸ್ತೆಯ ನಡುವೆ ಇರುತ್ತಾರೆ. ಆದರೆ ತಮ್ಮ ಓಡುತ್ತಿರುವಾಗ ನೀನು ಅಂಚಿನಲ್ಲೇ ನಿಂತುಕೋ ಎಂದು ಒಂಬತ್ತು ವರ್ಷದವಳಿಗೆ ನಾನು ಹೇಗೆ ಹೇಳಲಿ? ಹೇಳಿದರೂ ಪಾಲಿಸಲು ಯಾವ ಅಕ್ಕನಿಂದ ಆದೀತು? ನಿಂತಳೆಂದೇ ಇಟ್ಟುಕೊಳ್ಳೋಣ, ಆಮೇಲೆ ಆ ನಿಂತದ್ದನ್ನು ಅವಳು ಎಷ್ಟು ವರ್ಷ ಹೊತ್ತುಕೊಂಡು ತಿರುಗಬೇಕು? ಇದಕ್ಕೆ ಸರಿಯುತ್ತರವೇ ಇಲ್ಲ. ಉತ್ತರವಿಲ್ಲದ ಪ್ರಶ್ನೆಯನ್ನು ದಿನವೂ ಮೂರೂವರೆಗೆ ಮಗುವಿನ ಕೈಗೆ ಕೊಟ್ಟು ಕಳಿಸಬಾರದು. ಇಷ್ಟು ಮಾತ್ರ ನನಗೆ ಒಲೆಯ ಮುಂದೆಯೇ ಸ್ಪಷ್ಟವಾಯಿತು.

ಒಂದು ಮಗು ಒಂಟಿಯಾಗಿ ನಡೆದು ಬರಬಹುದೇ ಎಂಬುದು ಒಂದು ಮಾತು, ಇನ್ನೊಂದು ಮಗುವನ್ನು ಕರೆದುಕೊಂಡು ಬರಬಹುದೇ ಎಂಬುದು ಬೇರೆಯೇ ಮಾತು. ನಾವೆಲ್ಲ ಎರಡನ್ನೂ ಸೇರಿಸಿ ಒಂದೇ ಉಸಿರಿನಲ್ಲಿ ತೀರ್ಮಾನ ಮಾಡುತ್ತಿದ್ದೆವು. ದೊಡ್ಡವನು ಗಂಡಾಗಿ ಚಿಕ್ಕವಳು ಹೆಣ್ಣಾಗಿದ್ದರೆ ಇದೇ ಮಾತು ಇಷ್ಟು ಸಲೀಸಾಗಿ ಬರುತ್ತಿತ್ತೇ? ಬಹುಶಃ ಇಲ್ಲ. ಅವನಿಗಿನ್ನೂ ಹುಡುಗಾಟ ಎನ್ನುತ್ತಿದ್ದೆವು.

ಅತ್ತೆ ಊಟದ ಮೇಜಿನ ಬಳಿ ದಂಟಿನ ಸೊಪ್ಪು ಬಿಡಿಸುತ್ತ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ನಮ್ಮ ಕಾಲದಲ್ಲಿ ಹೀಗಿರಲಿಲ್ಲ ಎಂದು ಶುರು ಮಾಡುತ್ತಾರೆ ಎಂದುಕೊಂಡೆ. ಬನ್ನೂರಿನ ಕಡೆ ಅವರ ಊರು, ನಾಲೆಯ ಏರಿಯ ಮೇಲೆ ಶಾಲೆಗೆ ನಡೆದ ಕಥೆಯನ್ನು ಮೊಮ್ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದಾರೆ. ಇವತ್ತು ಹೇಳಿದ್ದು ಬೇರೆ.

"ನನ್ನ ಸೊಂಟದ ಮೇಲೆ ತಮ್ಮ ಇರುತ್ತಿದ್ದ. ಅವನು ಸ್ವಲ್ಪ ನಡೆಯುವ ಹಾಗಾದ ಮೇಲೆ ನಾಲೆ ಪಕ್ಕದಲ್ಲಿ ಕೈ ಬಿಡುವಂತಿರಲಿಲ್ಲ. ನೀರು ಬಿಟ್ಟ ದಿನ ನನಗೆ ಹೊಟ್ಟೆಯಲ್ಲಿ ಒಂಥರಾ ಆಗುತ್ತಿತ್ತು. ಹೇಳಿದರೆ ಬೈಯುತ್ತಾರೆಂದು ಹೇಳುತ್ತಿರಲಿಲ್ಲ. ಕೊನೆಗೆ ನಾಲ್ಕನೇ ಕ್ಲಾಸಿಗೆ ಶಾಲೆ ಬಿಡಿಸಿದರು, ಅವನ ಹಿಂದೆ ಇನ್ನೊಬ್ಬಳು ಹುಟ್ಟಿದ್ದಳಲ್ಲ."

ದಂಟನ್ನು ಮುರಿದು ನಾರು ಎಳೆದು ಬದಿಗಿಟ್ಟರು. ಈ ಮನೆಗೆ ಬಂದು ಇಷ್ಟು ವರ್ಷವಾದರೂ ಅವರ ಓದು ನಿಂತದ್ದು ಹೀಗೆ ಎಂದು ನನಗೆ ತಿಳಿದಿರಲಿಲ್ಲ.

ನನ್ನ ತರಗತಿಯಲ್ಲೂ ಈಗಲೂ ನೋಡುತ್ತೇನೆ. ಎರಡನೇ ತರಗತಿಯ ಹುಡುಗಿಯೊಬ್ಬಳು ಕೆಲವು ದಿನ ಮೂರು ವರ್ಷದ ತಂಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಬರೆಯುತ್ತಾಳೆ. ಕೂಲಿಯ ಕೆಲಸ ಹೆಚ್ಚಿರುವ ದಿನಗಳಲ್ಲಿ ಬರುವುದೇ ಇಲ್ಲ. ಹಾಜರಿ ಪುಸ್ತಕದಲ್ಲಿ ಅದು ಗೈರುಹಾಜರಿ ಮಾತ್ರ. ಬಂದ ದಿನ ನಾನು ಆ ಪುಟ್ಟ ತಂಗಿಗೂ ಹಾಲು ಕೊಡಿಸುತ್ತೇನೆ, ಯಾರಾದರೂ ಕೇಳಿದರೆ ಕೇಳಲಿ.

ಇವರು ಬಂದ ಮೇಲೆ ಊಟದ ಹೊತ್ತಿಗೆ ಮತ್ತೆ ಚರ್ಚೆ. ಯಾರೋ ಕಳಿಸಿದ ಜಪಾನಿನ ವಿಡಿಯೊ ತೋರಿಸಿದರು. ಹಳದಿ ಟೋಪಿ ಹಾಕಿದ ಒಂದನೇ ತರಗತಿಯ ಮಕ್ಕಳು ಸಾಲಾಗಿ ನಡೆಯುತ್ತಿದ್ದಾರೆ, ಮುಂದೆ ದೊಡ್ಡ ತರಗತಿಯ ಒಬ್ಬಳು. "ನೋಡು, ಅಲ್ಲೂ ದೊಡ್ಡವರೇ ಚಿಕ್ಕವರನ್ನು ಕರೆದೊಯ್ಯುವುದು" ಎಂದರು. ನಿಜ. ಅಲ್ಲಿ ಮುಂದೆ ನಡೆಯುವವರು ಸಾಮಾನ್ಯವಾಗಿ ಆರನೇ ತರಗತಿಯವರು. ಹೋಗುವ ದಾರಿ ಮೊದಲೇ ಗೊತ್ತು ಮಾಡಿದ್ದು. ದಾಟುವ ಕಡೆಗಳಲ್ಲಿ ಬಾವುಟ ಹಿಡಿದು ಊರಿನ ಹಿರಿಯರೋ ಪಾಲಕರೋ ನಿಂತಿರುತ್ತಾರೆ. ವಿಡಿಯೊದ ಮೂಲೆಯಲ್ಲಿ ಅಂಥ ಅಜ್ಜನೊಬ್ಬ ಇದ್ದೇ ಇದ್ದ, ತೋರಿಸಿದೆ. ಆ ಅಜ್ಜನನ್ನು ನಮ್ಮ ಔಷಧಿ ಅಂಗಡಿಯ ಮುಂದೆ ತಂದು ನಿಲ್ಲಿಸಿ, ನಾಳೆಯಿಂದಲೇ ಕಳಿಸೋಣ ಎಂದೆ.

"ಹಾಗಾದರೆ ಯಾರನ್ನೂ ಕಳಿಸುವುದೇ ಬೇಡ, ಹೊಸ ಆಟೋ ಹುಡುಕೋಣ" ಎಂದರು.

ಅದಕ್ಕೂ ನನ್ನ ಒಪ್ಪಿಗೆಯಿಲ್ಲ. ಇಂಗ್ಲೆಂಡಿನಲ್ಲಿ ಮೇಯರ್ ಹಿಲ್‌ಮನ್ ಎಂಬ ಸಂಶೋಧಕರು ಮತ್ತು ಸಂಗಡಿಗರು ಇದನ್ನೇ ಅಳೆದು ನೋಡಿದ್ದರು. 1971ರಲ್ಲಿ ಏಳೆಂಟು ವರ್ಷದ ಮಕ್ಕಳಲ್ಲಿ ನೂರಕ್ಕೆ 80 ಮಂದಿ ದೊಡ್ಡವರಿಲ್ಲದೆ ಶಾಲೆಗೆ ಹೋಗುತ್ತಿದ್ದರು, 1990ಕ್ಕೆ ಅದು 9ಕ್ಕೆ ಇಳಿದಿತ್ತು. ರಸ್ತೆಯಲ್ಲಿ ಸಾಯುವ ಮಕ್ಕಳ ಸಂಖ್ಯೆ ಕಡಿಮೆಯಾಯಿತೆಂದು ಸರ್ಕಾರ ಸಮಾಧಾನಪಟ್ಟುಕೊಳ್ಳುತ್ತಿದ್ದಾಗ, ರಸ್ತೆ ಸುರಕ್ಷಿತವಾದದ್ದಲ್ಲ, ಮಕ್ಕಳನ್ನೇ ರಸ್ತೆಯಿಂದ ಎತ್ತಿಬಿಟ್ಟಿದ್ದೀರಿ ಎಂದು ಅವರು ತೋರಿಸಿಕೊಟ್ಟರು. ನಮ್ಮ ಸರಸ್ವತೀಪುರದಲ್ಲೂ ಆಗುತ್ತಿರುವುದು ಅದೇ. ಮಕ್ಕಳು ಆಟೋದಲ್ಲಿ, ವ್ಯಾನಿನಲ್ಲಿ, ಅಪ್ಪನ ಸ್ಕೂಟರಿನಲ್ಲಿ. ನಡೆಯುವ ಮಗುವೇ ಕಾಣದಿದ್ದರೆ ಗಾಡಿಯವರು ಯಾರಿಗಾಗಿ ನಿಧಾನಿಸಬೇಕು?

ದೊಡ್ಡವಳು ತಾನಾಗಿ ಕೇಳಿದ್ದಾಳೆ. ಒಬ್ಬಳೇ ಬರುತ್ತೇನೆ ಎಂದಿದ್ದಾಳೆ, ಏನು ಬರುತ್ತದೆ, ಏನು ಬರುವುದಿಲ್ಲ ಎಂದು ಬಿಡಿಸಿ ಹೇಳಿದ್ದಾಳೆ. ತನ್ನ ಅಳತೆ ತನಗೆ ಗೊತ್ತಿರುವವಳನ್ನು ತಡೆಯಬಾರದು. ಸಿಗ್ನಲ್ ಇರುವ ಕಡೆಯಿಂದ ಸುತ್ತಿಕೊಂಡು ಬರಲಿ, ಐದು ನಿಮಿಷ ಹೆಚ್ಚಾಗುತ್ತದೆ, ಆಗಲಿ. ಭಾನುವಾರದಿಂದ ಜೊತೆಯಲ್ಲಿ ನಡೆಯುತ್ತೇನೆ, ಆಮೇಲೆ ಹತ್ತು ಹೆಜ್ಜೆ ಹಿಂದೆ, ಆಮೇಲೆ ರಸ್ತೆಯ ಈಚೆ ಬದಿಯಲ್ಲಿ ನಿಂತು. ನನ್ನ ನಂಬರು ಬಾಯಿಪಾಠವಿದೆ, ಇವರದು ಕೊನೆಯ ಎರಡು ಅಂಕಿ ಅದಲು ಬದಲು ಹೇಳುತ್ತಾಳೆ, ತಿದ್ದಬೇಕು. ಮಕ್ಕಳ ಸಹಾಯವಾಣಿ 1098 ಗೊತ್ತಿದೆ. ತರಕಾರಿ ಅಂಗಡಿಯ ಅಮ್ಮನಿಗೂ, ಇಸ್ತ್ರಿ ಗಾಡಿಯವರಿಗೂ ಒಂದು ಮಾತು ಹೇಳಿಟ್ಟರೆ ದಾರಿಯಲ್ಲಿ ಎರಡು ಜೊತೆ ಕಣ್ಣು ಇರುತ್ತವೆ. ನಾಯಿಗಳದ್ದೊಂದು ಹೆದರಿಕೆ ಇದ್ದೇ ಇದೆ, ಮಾಂಸದ ಅಂಗಡಿಯ ಅಡ್ಡರಸ್ತೆಯನ್ನು ಬಿಡಿಸಬೇಕು.

ಇವರು ಅರ್ಧ ಒಪ್ಪಿದ್ದಾರೆ. ಮುಂದಿನ ವಾರ ಆಷಾಢ ಹಿಡಿಯುತ್ತದೆ, ಹೊಸದೇನೂ ಶುರು ಮಾಡುವುದು ಬೇಡ ಎಂದು ಅತ್ತೆ ಮೊದಲು ಅಂದರು, ಮತ್ತೆ ತಾವೇ "ಶಾಲೆಯಿಂದ ಮನೆಗೆ ಬರುವುದಕ್ಕೆ ಯಾವ ಆಷಾಢ" ಎಂದು ಒಳಗೆ ಹೋದರು.

ಉಳಿದವನು ಚಿಕ್ಕವನು. ಒಂದನೇ ತರಗತಿಯವರನ್ನು ಐದೂವರೆಯವರೆಗೆ ಇರಿಸಿಕೊಳ್ಳುತ್ತಾರೆಯೇ ಎಂದು ನಾಳೆ ಶಾಲೆಗೆ ಫೋನ್ ಮಾಡಿ ಕೇಳಬೇಕು. ಆಗದೆಂದರೆ ಮೇಲಿನ ಮನೆಯ ಆಂಟಿಯ ಮಗನಿದ್ದಾನೆ, ಪಿಯುಸಿ, ಮನೆಯಲ್ಲೇ ಇರುತ್ತಾನೆ, ಆದರೆ ನಾಲ್ಕಕ್ಕೆ ಅವನಿಗೆ ಟ್ಯೂಷನ್. ಮೂರೂವರೆಗೆ ಹೋಗಿ ಬಿಟ್ಟು ಬರಲು ಸಮಯ ಸಾಕಾಗುತ್ತದೋ ಇಲ್ಲವೋ. ಅಥವಾ ಅದೇ ಶಾಲೆಯ ಇನ್ನೊಬ್ಬ ತಾಯಿ, ಆ ಹಸಿರು ಸ್ಕೂಟರಿನವರು, ನಮ್ಮ ಬೀದಿಯ ಕಡೆಗೇ ಹೋಗುತ್ತಾರೆ, ಅವರ ಪರಿಚಯ ಅಷ್ಟಾಗಿ ಇಲ್ಲ, ಶನಿವಾರ ಗೇಟಿನ ಹತ್ತಿರ ಸಿಕ್ಕರೆ...