ಅವ್ವನ ಜಗಲಿ ಸೇರಿದ ಎಂಟಾಣೆ

ಅಕ್ಕನ ಮಗ ರಷ್ಯಾದಲ್ಲಿ ಡಾಕ್ಟರಿಕೆ ಕಲಿಯುತ್ತಾನೆ. ಸೂಟಿಗೆ ವಿಜಯಪುರಕ್ಕೆ ಬಂದವನ ಚೀಲ ಝಾಡಿಸಿದರೆ ನಾಲ್ಕು ಚಿಲ್ಲರೆ ನಾಣ್ಯ ಉದುರಿದವು. ಅದರಲ್ಲಿ ಹಳದಿ ಬಣ್ಣದ್ದೊಂದನ್ನು ಅವ್ವ ಎತ್ತಿಕೊಂಡಳು. ಕುದುರೆ ಮೇಲೊಬ್ಬ ಸವಾರ, ಕೈಯಲ್ಲಿ ಈಟಿ, ಕೆಳಗೆ ಬಿದ್ದ ಘಟಸರ್ಪ.

"ಏ, ಇಂವ ನಮ್ಮ ಮೈಲಾರಲಿಂಗ ಅಲ್ಲೇನೋ?"

"ಆಯಿ, ಅದು 50 ಕೊಪೆಕ್. ಅರ್ಧಾ ರೂಬಲ್."

"ಅಂದ್ರ ಎಂಟಾಣೆ ಅನ್ನು."

ನಾನು ಒಣದ್ರಾಕ್ಷಿ ಅಡತಿ ಅಂಗಡಿಯಲ್ಲಿ ಕಿರ್ದಿ ಬರೆಯುವವ. ಊರು ಯಾವುದಾದರೂ ರೊಕ್ಕದ ಮಾತೆಂದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಕೆದಕಿದೆ. ರಷ್ಯನ್ನಿನಲ್ಲಿ 'ಕೊಪ್ಯೊ' ಅಂದರೆ ಈಟಿ. ಈಟಿ ಹಿಡಿದ ಸವಾರನ ಚಿತ್ರದಿಂದಲೇ ಆ ನಾಣ್ಯಕ್ಕೆ ಕೊಪೆಕ್ ಎಂಬ ಹೆಸರು. ರಷ್ಯಾದ ಬಾಲಕ ದೊರೆ ಇವಾನನ ಪರವಾಗಿ ತಾಯಿ ಎಲೆನಾ ಗ್ಲಿನ್ಸ್ಕಯಾ ರಾಜ್ಯ ನೋಡಿಕೊಳ್ಳುತ್ತಿದ್ದ 1535ರಲ್ಲಿ ನಾಣ್ಯಗಳನ್ನೆಲ್ಲ ಸರಿಪಡಿಸಿದಾಗ ಬಂದದ್ದು. ಅಂಥ ನೂರು ಸೇರಿದರೆ ಒಂದು ರೂಬಲ್. ತಮಾಷೆಯೆಂದರೆ ಆಗ ರೂಬಲ್ ಎಂಬ ನಾಣ್ಯವೇ ಇರಲಿಲ್ಲ, ಅದು ಬರೀ ಲೆಕ್ಕದ ಪುಸ್ತಕದ ಮಾತು! ಪೀಟರ್ ದೊರೆ 1704ರಲ್ಲಿ ಬೆಳ್ಳಿ ರೂಬಲ್ಲನ್ನೂ ತಾಮ್ರದ ಕೊಪೆಕ್ಕನ್ನೂ ಚಲಾವಣೆಗೆ ತಂದ. ನೂರರ ಲೆಕ್ಕಕ್ಕೆ ನಾವು ಬಂದದ್ದು 1957ರಲ್ಲಿ. ಅವ್ವನ ಬಾಯಲ್ಲಿ ಇನ್ನೂ ಆಣೆಯೇ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಹಳೆಯ ಕೊಪೆಕ್ಕನ್ನು ಬೆಳ್ಳಿ ತಂತಿ ತುಂಡರಿಸಿ, ಬಡಿದು ಚಪ್ಪಟೆ ಮಾಡಿ, ಅಚ್ಚು ಒತ್ತಿ ಮಾಡುತ್ತಿದ್ದರು. ರಷ್ಯನ್ನರು ಈಗ ಅವನ್ನು ಮೀನಿನ ಹುರುಪೆ ಅನ್ನುತ್ತಾರೆ. ನಮ್ಮ ಆದಿಲಶಾಹಿಯವರೂ ಬೆಳ್ಳಿ ತಂತಿಯನ್ನೇ ಕೂದಲ ಪಿನ್ನಿನ ಹಾಗೆ ಮಡಚಿ, ಅಚ್ಚು ಒತ್ತಿ 'ಲಾರಿ' ನಾಣ್ಯ ಮಾಡಿಸಿದ್ದರು. ಗೋಳಗುಮ್ಮಟದ ಊರಲ್ಲಿ ಹುಟ್ಟಿ ಬೆಳೆದ ನನಗೆ ಇದು ತಿಳಿದದ್ದು ಒಂದು ಕೊಪೆಕ್ಕಿನ ದೆಸೆಯಿಂದ.

ಹುಡುಗ ಎಣಿಸುವುದನ್ನೂ ಕಲಿಸಿದ. ಒಂದಿದ್ದರೆ 'ಕಪೇಯ್ಕ', ಎರಡರಿಂದ ನಾಲ್ಕಕ್ಕೆ 'ಕಪೇಯ್ಕಿ', ಐದಾದರೆ 'ಕಪೇಯಕ್'. ಇಪ್ಪತ್ತೊಂದಕ್ಕೆ ಮತ್ತೆ 'ಕಪೇಯ್ಕ'! ಹಿಂಗಿದ್ದರೆ ನನ್ನ ಕಿರ್ದಿ ಮುಗಿದಂತೆಯೇ. ಚೂರುಪಾರು ರೊಕ್ಕಕ್ಕೂ ಅಲ್ಲಿ ಕೊಪೆಕ್ ಅಂತಲೇ ಮಾತು. 'ಕೊಪೆಕ್ ರೂಬಲ್ಲನ್ನು ಕಾಯುತ್ತದೆ' ಅನ್ನೋ ಗಾದೆಯೂ ಉಂಟಂತೆ.

ಹೊರಡುವ ದಿನ ಹುಡುಗ ತನ್ನ ನಾಣ್ಯ ಕೇಳಿದ. ದೇವರ ಜಗಲಿ ಮೇಲೆ, ದೇವರ ಮೂರ್ತಿ ಒತ್ತಿದ ಬೆಳ್ಳಿ ಟಾಕಿನ ಪಕ್ಕದಲ್ಲಿತ್ತು, ಅರಿಷಿಣದಲ್ಲಿ ಮುಳುಗಿ.

"ಭಂಡಾರ ಹಚ್ಚೀನಿ," ಅಂದಳು ಅವ್ವ. "ಇನ್ನ ಅದನ್ನ ಕೊಡಾಕ ಬರೂದಿಲ್ಲ."